ಆರೈಕೆ ಕೇಂದ್ರ ಸೇರಿದ ಮೇಲೆ ತಾಯಿ ಮಂಕಾಗಿದ್ದಾರೆ: ಕಾರಣ ವಯಸ್ಸೇ, ಜಾಗವೇ?

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಒಬ್ಬರೇ ಇರುವುದು ಸಾಧ್ಯವಾಗಲಿಲ್ಲ. ನಾನೂ ನನ್ನ ಪತಿಯೂ ದಿನವಿಡೀ ಕೆಲಸದಲ್ಲಿರುವವರು. ನಾಲ್ಕು ತಿಂಗಳ ಹಿಂದೆ ಅವರನ್ನು ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಜಾಗ ಸ್ವಚ್ಛವಾಗಿದೆ, ಊಟ, ಔಷಧಿ ಹೊತ್ತಿಗೆ ಸರಿಯಾಗಿ ಸಿಗುತ್ತವೆ, ಯಾರೂ ಗದರುವುದಿಲ್ಲ. ಆದರೂ ಅವರು ದಿನೇ ದಿನೇ ಮಂಕಾಗುತ್ತಿದ್ದಾರೆ. ಪತ್ರಿಕೆ ಓದಿ ನಮ್ಮೊಡನೆ ವಾದಕ್ಕಿಳಿಯುತ್ತಿದ್ದವರು ಈಗ ಏನು ಕೇಳಿದರೂ 'ನಿಮ್ಮಿಷ್ಟ' ಎನ್ನುತ್ತಾರೆ. ಸಿಬ್ಬಂದಿಯನ್ನು ಕೇಳಿದರೆ 'ಚೆನ್ನಾಗಿ ಹೊಂದಿಕೊಂಡಿದ್ದಾರೆ' ಎಂಬ ಉತ್ತರ. ಇದು ವಯಸ್ಸಿನಿಂದ ಬಂದದ್ದೋ, ನಾವು ಅಲ್ಲಿ ಬಿಟ್ಟದ್ದರಿಂದಲೋ? ಮನೆಗೆ ಕರೆತಂದುಬಿಡಬೇಕೇ?

ಉತ್ತರ: ನಾಲ್ಕೇ ತಿಂಗಳಲ್ಲಿ ವಯಸ್ಸು ಯಾರನ್ನೂ ಹೀಗೆ ಬದಲಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ 'ವಯಸ್ಸಾಯಿತಲ್ಲ' ಎಂಬ ಒಂದು ಮಾತಿನಿಂದ ವೃದ್ಧರ ಎಷ್ಟೋ ತೊಂದರೆಗಳು ಪರೀಕ್ಷೆಯೇ ಇಲ್ಲದೆ ಉಳಿದುಹೋಗುತ್ತವೆ. ವಾದಕ್ಕಿಳಿಯುತ್ತಿದ್ದವರು ವಾದ ಬಿಟ್ಟಿದ್ದಾರೆ ಎಂದರೆ ಒಂದೋ ಚಿಕಿತ್ಸೆ ಬೇಕಾದ ಕಾಯಿಲೆ ಇದೆ, ಇಲ್ಲವೇ ಅವರ ದಿನ ಸಾಗುತ್ತಿರುವ ರೀತಿಯಲ್ಲಿ ದೋಷವಿದೆ. ಎರಡೂ ಒಟ್ಟಿಗೆ ಇರುವುದೂ ಅಪರೂಪವಲ್ಲ. ಮೊದಲು ಕಾಯಿಲೆಯ ವಿಚಾರ ಮುಗಿಸಿಕೊಳ್ಳೋಣ. ಅದು ಈ ವಾರದಲ್ಲೇ ಆಗಬೇಕಾದ ಕೆಲಸ.

ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ ವೃದ್ಧರಲ್ಲಿ ಡೆಲಿರಿಯಂ, ಅಂದರೆ ಹಿಂದಿನವರು ಸನ್ನಿ ಎನ್ನುತ್ತಿದ್ದ ಸ್ಥಿತಿ, ಆಗಾಗ ಕಾಣಿಸಿಕೊಳ್ಳುತ್ತದೆ. ಸನ್ನಿ ಎಂದೊಡನೆ ಕೂಗಾಟ, ಬಡಬಡಿಕೆ ನೆನಪಾಗುತ್ತದೆ. ಆದರೆ ಅದರ ಇನ್ನೊಂದು ರೂಪದಲ್ಲಿ ರೋಗಿ ಸದ್ದಿಲ್ಲದೆ, ತೂಕಡಿಸುತ್ತಾ, ಕೇಳಿದ್ದಕ್ಕೆ ನಿಧಾನವಾಗಿ ಉತ್ತರಿಸುತ್ತಾ ಮಲಗಿರುತ್ತಾರೆ. ಯಾರಿಗೂ ತೊಂದರೆ ಕೊಡದ ಕಾರಣ ಅದು ಯಾರ ಗಮನಕ್ಕೂ ಬರುವುದಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಸಾಕಷ್ಟು ನೀರು ಕುಡಿಯದಿರುವುದು, ನೋವು, ಹೊಸದೊಂದು ಮಾತ್ರೆ, ಇವುಗಳಲ್ಲಿ ಯಾವುದಾದರೂ ಅದಕ್ಕೆ ಕಾರಣವಾಗಬಹುದು. ಒಂದೇ ದಿನದಲ್ಲಿ ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ಇರುತ್ತಾರೆಯೇ ಎಂದು ಗಮನಿಸಿ. ಆ ಏರಿಳಿತ ಒಳ್ಳೆಯ ಸುಳಿವು. ಹಾಗಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ತಾಯಿಯವರು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಕೇಂದ್ರದಿಂದ ಬರೆಸಿಕೊಂಡು ಹೋಗಿ. ನಿದ್ರೆ ಮಾತ್ರೆ, ಶೀತಕ್ಕೆ, ತುರಿಕೆಗೆ ಕೊಡುವ ಹಳೆಯ ಕಾಲದ ಔಷಧಿಗಳು, ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಮಾತ್ರೆಗಳು ವಯಸ್ಸಾದವರ ಬುದ್ಧಿಗೆ ಮಂಕು ಕವಿಸುತ್ತವೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳನ್ನು ಗಲಾಟೆ ತಗ್ಗಿಸಲು ಬಳಸುವುದುಂಟು. ಮರೆಗುಳಿ ಕಾಯಿಲೆ ಇರುವ ವೃದ್ಧರಲ್ಲಿ ಅವು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಹಾಗೆಂದು ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ನಿದ್ರೆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದೂ ಅಪಾಯವೇ. ಖಿನ್ನತೆ, ಥೈರಾಯ್ಡ್, ಬಿ12 ಕೊರತೆಯ ಪರೀಕ್ಷೆಯೂ ಆಗಲಿ. ಅದರೊಡನೆ ಕನ್ನಡಕ ಮತ್ತು ಶ್ರವಣ ಸಾಧನ ಎಲ್ಲಿವೆ ನೋಡಿ. ಅವು ಪೆಟ್ಟಿಗೆಯಲ್ಲೇ ಉಳಿದಿದ್ದರೆ ಪತ್ರಿಕೆ ಏಕೆ ಬಿಟ್ಟರು, ಮಾತು ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಜಾಗದ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಿಬ್ಬಂದಿಯ 'ಚೆನ್ನಾಗಿ ಹೊಂದಿಕೊಂಡಿದ್ದಾರೆ' ಎಂಬ ಮಾತು. ಅನೇಕರನ್ನು ಒಂದೇ ಕಡೆ ನೋಡಿಕೊಳ್ಳುವ ಸಂಸ್ಥೆಗಳಲ್ಲಿ ಈ ಹೊಗಳಿಕೆ ಸಾಮಾನ್ಯವಾಗಿ ಏನೂ ಕೇಳದವರಿಗೆ ಸಲ್ಲುತ್ತದೆ. ಏಳಿಸಿದಾಗ ಏಳುವವರು, ಕೂರಿಸಿದಲ್ಲಿ ಕೂರುವವರು, ಬಡಿಸಿದ್ದನ್ನು ಉಣ್ಣುವವರು 'ಒಳ್ಳೆಯವರು'. 1959ರಲ್ಲಿ ಬ್ರಿಟನ್ನಿನ ಮನೋವೈದ್ಯ ರಸೆಲ್ ಬಾರ್ಟನ್ ಮಾನಸಿಕ ಆಸ್ಪತ್ರೆಗಳಲ್ಲಿ ಬಹುಕಾಲ ಇದ್ದವರನ್ನು ಕುರಿತು ಬರೆಯುತ್ತಾ ಇದನ್ನೇ ಒಂದು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿದರು. ನಿರಾಸಕ್ತಿ, ತಾನಾಗಿ ಏನನ್ನೂ ಆರಂಭಿಸದಿರುವುದು, ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು, ನಾಳೆಯ ಬಗ್ಗೆ ಯೋಚನೆಯೇ ಇಲ್ಲದಿರುವುದು ಅದರ ಲಕ್ಷಣಗಳು. ರೋಗಿಯನ್ನು ಆಸ್ಪತ್ರೆಗೆ ತಂದ ಮೂಲ ಕಾಯಿಲೆ ಬೇರೆ, ಆಸ್ಪತ್ರೆಯ ಬದುಕು ಹಚ್ಚಿದ ಈ ಕಾಯಿಲೆ ಬೇರೆ ಎಂದು ಅವರು ವಾದಿಸಿದರು. ಹೊರಗಿನ ಸಂಪರ್ಕ ಕಡಿದುಹೋಗುವುದು, ಮಾಡಲು ಕೆಲಸವಿಲ್ಲದಿರುವುದು, ಸಿಬ್ಬಂದಿಯ ಯಜಮಾನಿಕೆ, ಸ್ವಂತ ಸ್ನೇಹಿತರೂ ಸ್ವಂತ ವಸ್ತುಗಳೂ ಇಲ್ಲವಾಗುವುದು, ಅತಿಯಾದ ಔಷಧಿ ಎಂದು ಅವರು ಕೊಟ್ಟ ಕಾರಣಗಳನ್ನು ಇಂದಿಗೂ ಯಾವ ಆರೈಕೆ ಕೇಂದ್ರದಲ್ಲಾದರೂ ನಿಂತು ಹೋಲಿಸಿ ನೋಡಬಹುದು.

ಇವುಗಳಲ್ಲಿ ಯಾವುದು ಹೆಚ್ಚು ತೂಕದ್ದು? ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಎಂಬ ಇಬ್ಬರು ಸಂಶೋಧಕರು ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳನ್ನು 1960ರ ದಶಕದಲ್ಲಿ ವರ್ಷಗಟ್ಟಲೆ ಹೋಲಿಸಿ ನೋಡಿದರು. ರೋಗಿಗಳು ಚೇತರಿಸಿಕೊಂಡ ಕಡೆಗಳಲ್ಲಿ ಎದ್ದು ಕಂಡ ಬದಲಾವಣೆ ಒಂದೇ: ಏನೂ ಮಾಡದೆ ಸುಮ್ಮನೆ ಕಳೆಯುತ್ತಿದ್ದ ಹೊತ್ತು ಕಡಿಮೆಯಾಗಿತ್ತು. ಹೊಸ ಔಷಧಿಗಿಂತಲೂ ಇದರ ನಂಟು ಗಾಢವಾಗಿತ್ತು. ಆರೈಕೆ ಕೇಂದ್ರ ಹುಡುಕುವ ಕುಟುಂಬಗಳು ಹಾಸಿಗೆ, ಸ್ನಾನದ ಮನೆ, ಊಟದ ಪಟ್ಟಿ ನೋಡುತ್ತವೆ. ಅವನ್ನು ನೋಡಲೇಬೇಕು, ಸರಿ. ಆದರೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಇಲ್ಲಿರುವವರು ಏನು ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ.

ಶುಚಿತ್ವ ಮತ್ತು ಊಟ ಸಾಲದು ಎಂಬುದಕ್ಕೆ ಇನ್ನೂ ಹಳೆಯ ಮತ್ತು ಇನ್ನೂ ಕಠೋರವಾದ ಸಾಕ್ಷ್ಯ ಮಕ್ಕಳ ಕಡೆಯಿಂದ ಬಂದಿದೆ. ಮನೋವಿಶ್ಲೇಷಕ ರೆನೆ ಸ್ಪಿಟ್ಜ್ 1945ರಲ್ಲಿ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿದರು. ಒಂದು ಅನಾಥ ಶಿಶುಗಳ ನಿಲಯ. ಅಲ್ಲಿ ಸ್ವಚ್ಛತೆ, ಆಹಾರ, ವೈದ್ಯರ ಭೇಟಿ ಎಲ್ಲ ಸರಿಯಾಗಿತ್ತು, ಆದರೆ ಒಬ್ಬ ದಾದಿಯ ಪಾಲಿಗೆ ಎಂಟರಷ್ಟು ಮಕ್ಕಳು. ತೊಟ್ಟಿಲುಗಳ ಅಂಚಿಗೆ ಬಟ್ಟೆ ಕಟ್ಟಿದ್ದರಿಂದ ಮಗುವಿಗೆ ಮೇಲಿನ ಚಾವಣಿಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಇನ್ನೊಂದು ಮಹಿಳಾ ಬಂದಿಖಾನೆಯ ಶಿಶುವಿಹಾರ. ಅಲ್ಲಿ ತಾಯಂದಿರೇ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಬಂದಿಖಾನೆಯ ಮಕ್ಕಳು ಬೆಳೆದರು. ಶುಚಿಯಾದ ನಿಲಯದ ಮಕ್ಕಳಲ್ಲಿ ಎರಡು ವರ್ಷದೊಳಗೆ ಮೂರನೇ ಒಂದು ಪಾಲಿಗೂ ಹೆಚ್ಚು ಮಕ್ಕಳು ತೀರಿಕೊಂಡರು. ಉಳಿದವರಲ್ಲಿ ಹಲವರು ನಡೆಯುವುದನ್ನೂ ಮಾತನಾಡುವುದನ್ನೂ ಕಲಿಯಲಿಲ್ಲ.

ಸ್ಪಿಟ್ಜ್ ಅವರ ಹೋಲಿಕೆಯಲ್ಲಿ ದೋಷಗಳಿದ್ದವು. ಎರಡು ಗುಂಪಿನ ಮಕ್ಕಳ ಹಿನ್ನೆಲೆ ಬೇರೆ ಬೇರೆ, ನಿಲಯದಲ್ಲಿ ದಡಾರವೂ ಹರಡಿತ್ತು. ಹೆಚ್ಚು ಗಟ್ಟಿಯಾದ ಉತ್ತರ ರೊಮೇನಿಯಾದಿಂದ ಬಂತು. ಅಲ್ಲಿ 1989ರಲ್ಲಿ ಚೌಶೆಸ್ಕು ಆಡಳಿತ ಕುಸಿದಾಗ ಸರ್ಕಾರಿ ಅನಾಥಾಲಯಗಳ ಸ್ಥಿತಿ ಹೊರಜಗತ್ತಿಗೆ ತಿಳಿಯಿತು. ನಂತರ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅವರ ತಂಡ ಬುಖಾರೆಸ್ಟ್ ನಗರದ ನಿಲಯಗಳಲ್ಲಿದ್ದ 136 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಕಳಿಸಿತು. ನಾಲ್ಕೂವರೆ ವರ್ಷದ ಹೊತ್ತಿಗೆ ಕುಟುಂಬ ಸೇರಿದವರ ಬುದ್ಧಿಮಟ್ಟದ ಸರಾಸರಿ ಅಂಕ 81, ನಿಲಯದ ಗುಂಪಿನದು 73. ಸುಮಾರು ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ನಿಲಯದ ಮಗುವಿಗೂ ಊಟ ಬರುತ್ತದೆ, ಬಟ್ಟೆ ಬದಲಾಗುತ್ತದೆ. ಆದರೆ ಪಾಳಿ ಬದಲಾದಂತೆ ಮುಖಗಳೂ ಬದಲಾಗುತ್ತವೆ, ಅತ್ತರೆ ಯಾರು ಬರುತ್ತಾರೆ ಎಂಬುದು ಎಂದಿಗೂ ನಿಶ್ಚಿತವಲ್ಲ. ಹೀಗಿರುವಲ್ಲಿ ಅಳುವುದು ವ್ಯರ್ಥ ಎಂದು ಮಗು ಬೇಗನೆ ಕಲಿಯುತ್ತದೆ. ಅನಾಥಾಲಯಕ್ಕೆ ಹೋದವರು ಅಲ್ಲಿನ ನಿಶ್ಶಬ್ದವನ್ನು ಶಿಸ್ತು ಎಂದುಕೊಳ್ಳುವುದು ನನಗೆ ಬಹಳ ನೋವು ಕೊಡುವ ಸಂಗತಿ.

ತಾಯಿಯವರಿಗೂ ಈ ಮಕ್ಕಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. 78 ವರ್ಷದ ಮಿದುಳು ಶಿಶುವಿನ ಮಿದುಳಲ್ಲ, ಹಾನಿಯೂ ಒಂದೇ ಬಗೆಯದಲ್ಲ. ತಾಯಿಯವರ ವಿಚಾರದಲ್ಲಿ ಚೇತರಿಕೆಯ ಸಾಧ್ಯತೆ ದೊಡ್ಡದು, ಏಕೆಂದರೆ ಅವರು ಒಂದು ಇಡೀ ಬದುಕನ್ನು ಕಟ್ಟಿಕೊಂಡೇ ಅಲ್ಲಿಗೆ ಹೋಗಿದ್ದಾರೆ. ಆದರೆ ಪಾಠ ಕಲಿಸುವ ಕ್ರಮ ಎರಡೂ ಕಡೆ ಒಂದೇ: ನಾನು ಏನು ಮಾಡಿದರೂ ಏನೂ ಬದಲಾಗುವುದಿಲ್ಲ. 'ನಿಮ್ಮಿಷ್ಟ' ಎಂಬ ಉತ್ತರದ ಹಿಂದೆ ಈ ಪಾಠವಿದೆ ಎಂಬುದು ನನ್ನ ಅನುಮಾನ.

ಇದನ್ನು ಕಲಿಸುವವರು ಕ್ರೂರಿಗಳಾಗಿರಬೇಕಿಲ್ಲ. ಮಾರ್ಗರೆಟ್ ಬಾಲ್ಟಿಸ್ ಎಂಬ ಮನೋವಿಜ್ಞಾನಿ ವೃದ್ಧರ ನಿಲಯಗಳಲ್ಲಿ ಸಿಬ್ಬಂದಿಗೂ ನಿವಾಸಿಗಳಿಗೂ ನಡುವೆ ಏನು ನಡೆಯುತ್ತದೆ ಎಂದು ಕುಳಿತು ದಾಖಲಿಸಿದರು. ಅಜ್ಜಿಯೊಬ್ಬರು ತಮ್ಮ ಗುಂಡಿಯನ್ನು ತಾವೇ ಹಾಕಿಕೊಳ್ಳಲು ಹೆಣಗುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಕೈಚೆಲ್ಲಿ ಕುಳಿತರೆ ಕೂಡಲೇ ಯಾರೋ ಬಂದು ಗುಂಡಿ ಹಾಕುತ್ತಾರೆ, ಎರಡು ಮಾತನಾಡುತ್ತಾರೆ, ಕೆನ್ನೆ ಮುಟ್ಟುತ್ತಾರೆ. ದಿನದಲ್ಲಿ ಸಿಗುವ ಮನುಷ್ಯ ಸ್ಪರ್ಶವೆಲ್ಲ ಹೀಗೆ ಅಸಹಾಯಕತೆಗೇ ಮೀಸಲಾದರೆ ಯಾರು ತಾನೇ ಅಸಹಾಯಕರಾಗದೆ ಉಳಿದಾರು? ಸಿಬ್ಬಂದಿಯ ಕಡೆಯಿಂದಲೂ ನೋಡಬೇಕು. ತಾಯಿಯವರೇ ಬಟ್ಟೆ ಹಾಕಿಕೊಂಡರೆ ಇಪ್ಪತ್ತು ನಿಮಿಷ, ಆಯಾ ಹಾಕಿದರೆ ನಾಲ್ಕು ನಿಮಿಷ. ಅದೇ ಸಾಲಿನಲ್ಲಿ ಇನ್ನೂ ಹತ್ತು ಜನ ಕಾಯುತ್ತಿದ್ದಾರೆ. ದುಡಿಮೆಗೆ ತಕ್ಕ ಸಂಬಳವಿಲ್ಲದ, ರಜೆ ಸಿಗದ ಆ ಹೆಣ್ಣುಮಗಳನ್ನು ದೂರಿ ಪ್ರಯೋಜನವಿಲ್ಲ. ಎಷ್ಟು ಜನರಿಗೆ ಒಬ್ಬರು ಎಂದು ನಿರ್ಧರಿಸುವ ಆಡಳಿತವನ್ನು ಕೇಳಬೇಕು.

ದೇಹಕ್ಕೂ ಇದೇ ಗತಿ. ಬೀಳುತ್ತಾರೆಂದು ಹೆದರಿ ಕುರ್ಚಿಯಲ್ಲೇ ಕೂರಿಸಿಟ್ಟರೆ ಬೀಳುವ ಅಪಾಯ ಹೆಚ್ಚುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಅವರ ಕಾಲುಗಳಿಂದಲೇ ಸುಮಾರು 1 ಕಿಲೋದಷ್ಟು ಸ್ನಾಯು ಕರಗಿತ್ತು. ಮೂಳೆ ಮುರಿದು ಎದ್ದವರ ಪಾಡು ಊಹಿಸಿ. ತಾಯಿಯವರಿಗೆ ಫಿಸಿಯೋಥೆರಪಿ ನಡೆಯುತ್ತಿದೆಯೇ, ದಿನಕ್ಕೆ ಎಷ್ಟು ಬಾರಿ ವಾಕರ್ ಹಿಡಿದು ನಡೆಯುತ್ತಾರೆ, ಅದನ್ನು ಯಾರು ಬರೆದಿಡುತ್ತಾರೆ ಎಂದು ಕೇಳಿ.

ಈಗ ನೀವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ನಿಲಯದಲ್ಲಿ ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕೆಂದು ನೀವೇ ತೀರ್ಮಾನಿಸಿ, ಸಿನಿಮಾ ಯಾವ ದಿನ ನೋಡುತ್ತೀರೆಂದು ನೀವೇ ಹೇಳಿ ಎಂದು ಹೇಳಿಸಿದರು. ಬೇಕೆನಿಸಿದವರು ಒಂದು ಗಿಡ ಆರಿಸಿಕೊಂಡು ತಾವೇ ನೋಡಿಕೊಳ್ಳಬೇಕಿತ್ತು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ನೀರು ಹಾಕಿದವರು ಮಾತ್ರ ದಾದಿಯರು. ಅವರಿಗೆ, ನಿಮ್ಮನ್ನು ಸಂತೋಷವಾಗಿಡುವುದು ನಮ್ಮ ಜವಾಬ್ದಾರಿ ಎಂದು ಹೇಳಲಾಯಿತು. ಮೂರು ವಾರಗಳಲ್ಲೇ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಜನರೊಡನೆ ಬೆರೆಯುತ್ತಿದ್ದರು. ಅಧ್ಯಯನ ಚಿಕ್ಕದು. ಆಮೇಲೆ ಅವರು ಪ್ರಕಟಿಸಿದ ಸಾವಿನ ಲೆಕ್ಕದ ಮೇಲೆ ನಾನು ಭಾರ ಹಾಕುವುದಿಲ್ಲ. ಆದರೆ ತೀರ್ಮಾನ ಯಾರದು ಎಂಬುದು ಮನುಷ್ಯನ ಚೈತನ್ಯಕ್ಕೆ ಸಂಬಂಧಿಸಿದ ಸಂಗತಿ ಎಂದು ಅದು ತೋರಿಸಿದ್ದನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಆದ್ದರಿಂದ ತಾಯಿಯವರ ಕೈಗೆ ತೀರ್ಮಾನಗಳನ್ನು ಒಂದೊಂದಾಗಿ ಮರಳಿಸಿ. 'ಏನು ಬೇಕಮ್ಮ?' ಎಂಬ ತೆರೆದ ಪ್ರಶ್ನೆಗೆ 'ನಿಮ್ಮಿಷ್ಟ' ಎಂದೇ ಉತ್ತರ ಬರುತ್ತದೆ. ಎರಡು ಬಟ್ಟೆ ಎತ್ತಿ ಹಿಡಿದು ಯಾವುದು ಎಂದು ಕೇಳಿ, ಮತ್ತು ಕಾಯಿರಿ. ನಾವು ಸಾಮಾನ್ಯವಾಗಿ ಎರಡು ಕ್ಷಣವೂ ಕಾಯದೆ ನಾವೇ ಆರಿಸಿಬಿಡುತ್ತೇವೆ. ಅವರು ಆರಿಸಿದ್ದು ನಿಮಗೆ ಸರಿ ಕಾಣದಿದ್ದರೂ ಅದೇ ನಡೆಯಲಿ. ಹೊಂದಿಕೆಯಾಗದ ಬಟ್ಟೆ, ತಡವಾದ ಸ್ನಾನ, ಉಣ್ಣದೆ ಬಿಟ್ಟ ಪಲ್ಯ, ಇವುಗಳಿಂದ ಯಾರಿಗೂ ನಷ್ಟವಿಲ್ಲ. ಏಳುವ ಹೊತ್ತು, ದೀಪ ಆರಿಸುವ ಹೊತ್ತು, ಬಾಗಿಲು ಮುಚ್ಚಿರಬೇಕೇ ತೆರೆದಿರಬೇಕೇ, ಹಾಸಿಗೆ ಕಿಟಕಿಯ ಕಡೆಗಿರಬೇಕೇ ಎಂಬುದನ್ನೆಲ್ಲ ಆಡಳಿತದೊಡನೆ ಮಾತನಾಡಿ ಅವರಿಗೆ ಬಿಡಿಸಿ. ಒಳ್ಳೆಯ ಕೇಂದ್ರ ಇದಕ್ಕೆ ಒಪ್ಪುತ್ತದೆ. 'ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ' ಎಂದು ಉತ್ತರಿಸುವ ಕೇಂದ್ರದ ಬಗ್ಗೆ ಎಚ್ಚರವಿರಲಿ.

ಮಾಡಲು ಕೆಲಸವೂ ಬೇಕು, ಅದು ನಿಜವಾದ ಕೆಲಸವಾಗಿರಬೇಕು. ಚಪ್ಪಾಳೆ ತಟ್ಟಿಸುವ, ಬಣ್ಣ ತುಂಬಿಸುವ ಚಟುವಟಿಕೆಗಳಿಂದ ಕೆಲವರಿಗೆ ಸಂತೋಷವಾಗಬಹುದು. ಪತ್ರಿಕೆ ಓದಿ ವಾದ ಮಾಡುತ್ತಿದ್ದವರಿಗೆ ಅವು ಅವಮಾನವಾಗಿ ಕಾಣಬಹುದು. ಕಣ್ಣು ಮಂಜಾದ ಇನ್ನೊಬ್ಬ ನಿವಾಸಿಗೆ ದಿನವೂ ಪತ್ರಿಕೆ ಓದಿ ಹೇಳುವ ಹೊಣೆ ಅವರದಾಗಲಿ. ನಿಮ್ಮ ಮನೆಯ ಲೆಕ್ಕ, ಬಂಧುಗಳ ಕಷ್ಟಸುಖ, ಮಕ್ಕಳ ಓದಿನ ತಕರಾರು ಅವರ ಕಿವಿಗೆ ಬೀಳಲಿ, ಸಲಹೆ ಕೇಳಿ. ಚಿಂತೆ ಕೊಡಬಾರದೆಂದು ಎಲ್ಲವನ್ನೂ ಮುಚ್ಚಿಡುವ ಪ್ರೀತಿ ಅವರನ್ನು ಕುಟುಂಬದಿಂದ ಹೊರಗಿಡುತ್ತದೆ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ನಿಲಯದ ವೈದ್ಯ ಬಿಲ್ ಥಾಮಸ್ ತಮ್ಮ ನಿವಾಸಿಗಳನ್ನು ಕೊಲ್ಲುತ್ತಿರುವುದು ಒಂಟಿತನ, ಬೇಸರ, ಅಸಹಾಯಕತೆ ಎಂದು ತೀರ್ಮಾನಿಸಿ ನಾಯಿ, ಬೆಕ್ಕು, ನೂರು ಪುಟ್ಟ ಗಿಳಿಗಳು, ತೋಟ, ಸಿಬ್ಬಂದಿಯ ಮಕ್ಕಳು ಎಲ್ಲವನ್ನೂ ಒಳಗೆ ತಂದರು. ತಮ್ಮನ್ನು ನೆಚ್ಚಿಕೊಂಡಿರುವ ಜೀವವೊಂದು ಪಕ್ಕದಲ್ಲಿದ್ದರೆ ಬೆಳಿಗ್ಗೆ ಏಳಲು ಕಾರಣವಿರುತ್ತದೆ ಎಂಬುದು ಅವರ ನಂಬಿಕೆ, ನನ್ನದೂ ಹೌದು.

ಭೇಟಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅದೇ 1976ರಲ್ಲಿ ರಿಚರ್ಡ್ ಶುಲ್ಟ್ಜ್ ಎಂಬ ಸಂಶೋಧಕ ಕಾಲೇಜು ವಿದ್ಯಾರ್ಥಿಗಳನ್ನು ವೃದ್ಧರ ಭೇಟಿಗೆ ಕಳಿಸಿದರು. ಯಾವಾಗ ಬರುತ್ತಾರೆಂದು ಮೊದಲೇ ತಿಳಿದಿದ್ದವರು ಅಥವಾ ಆ ಹೊತ್ತನ್ನು ತಾವೇ ನಿಗದಿ ಮಾಡಿದವರು ಹೆಚ್ಚು ಲವಲವಿಕೆ ತೋರಿದರು. ಅಧ್ಯಯನ ಮುಗಿದು ಭೇಟಿಗಳು ನಿಂತ ಮೇಲೆ ಕೆಲ ವರ್ಷ ಗಮನಿಸಿದಾಗ, ಅದೇ ಗುಂಪಿನವರು ಉಳಿದವರಿಗಿಂತ ಕೆಳಗಿಳಿದಿದ್ದರು. ಅದರ ಪ್ರಕಾರ ನಿಮ್ಮ ಮಟ್ಟಿಗೆ ಹೇಳುವುದಾದರೆ, ಅಪರಾಧಿ ಭಾವದಿಂದ ಈ ತಿಂಗಳು ದಿನವೂ ಓಡಿ ಹೋಗಿ ಮುಂದಿನ ತಿಂಗಳು ಸುಸ್ತಾಗಿ ನಿಲ್ಲಿಸಬೇಡಿ. ವಾರಕ್ಕೆ ಎರಡೇ ಬಾರಿ ಆದರೂ ದಿನವನ್ನೂ ಹೊತ್ತನ್ನೂ ತಾಯಿಯವರೇ ಗೊತ್ತುಮಾಡಲಿ, ಅದನ್ನು ತಪ್ಪಿಸದಿರಿ. ಬರಲಾಗದಿದ್ದರೆ ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ. ಇವಲ್ಲದೆ ಆಗೊಮ್ಮೆ ಈಗೊಮ್ಮೆ ಹೇಳದೆಯೂ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ, ರಜೆಯ ದಿನ. ಆಗ ಅವರು ಎಲ್ಲಿ ಕುಳಿತಿದ್ದಾರೆ, ಯಾರ ಜೊತೆ, ಕೈಯಲ್ಲಿ ಏನಿದೆ ಎಂದಷ್ಟೇ ನೋಡಿ. ಸಾಧ್ಯವಾದಷ್ಟು ಮಟ್ಟಿಗೆ ಒಬ್ಬರೇ ಆಯಾ ಅವರನ್ನು ನೋಡಿಕೊಳ್ಳುವಂತೆ ಪಾಳಿ ಹಾಕಲು ಕೇಳಿಕೊಳ್ಳಿ. ತಾಯಿಯವರ ಹಿಂದಿನ ಬದುಕು, ಕೆಲಸ, ಇಷ್ಟಾನಿಷ್ಟಗಳನ್ನು ಒಂದು ಪುಟದಲ್ಲಿ ಬರೆದು ಆಕೆಗೆ ಕೊಡಿ. ಹೆಸರಿನ ಹಿಂದೆ ಒಂದು ಬದುಕು ಕಂಡರೆ ಮಾತನಾಡಿಸುವ ರೀತಿಯೇ ಬದಲಾಗುತ್ತದೆ.

ಮನೆಗೆ ಕರೆತರಬೇಕೇ ಎಂಬ ಪ್ರಶ್ನೆ ಉಳಿದಿದೆ. ಕಟ್ಟಿಹಾಕುವುದು, ಕೋಣೆಗೆ ಬೀಗ ಹಾಕುವುದು, ಸುಮ್ಮನಿರಿಸಲು ಮಾತ್ರೆ ಕೊಡುವುದು, ಹೇಳದೆ ಹೋದರೆ ಒಳಗೆ ಬಿಡದಿರುವುದು, ಮೈಮೇಲೆ ಕಾರಣ ಹೇಳದ ಗಾಯಗಳು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಅಲ್ಲಿಂದ ಹೊರತನ್ನಿ. ಅವಿಲ್ಲದಿದ್ದರೆ ಅವಸರ ಬೇಡ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಟಿವಿಯ ಮುಂದೆ ಒಬ್ಬರೇ ಕೂರುವುದಾದರೆ ಮನೆಯೂ ಒಂದು ಸಂಸ್ಥೆಯೇ, ಅಲ್ಲಿ ಪಕ್ಕದ ಹಾಸಿಗೆಯವರೂ ಇರುವುದಿಲ್ಲ. ಎರಡು ಜಾಗಗಳನ್ನು ಹೋಲಿಸಬೇಡಿ, ಎರಡು ದಿನಗಳನ್ನು ಹೋಲಿಸಿ: ಮನೆಗೆ ಬಂದರೆ ಅವರ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ ಎಂದು ಗಂಟೆ ಗಂಟೆಗೂ ಬರೆದು ನೋಡಿ. ಹಗಲು ಹೊತ್ತು ಮನೆಗೆ ಬಂದು ನೋಡಿಕೊಳ್ಳುವವರು, ಹಗಲು ಆರೈಕೆ ಕೇಂದ್ರ, ಹತ್ತಿರದ ಬಂಧುಗಳು, ಇವೆಲ್ಲ ಸೇರಿ ಆ ಮಂಗಳವಾರ ಸಹ್ಯವಾಗಿ ಕಂಡರೆ ಮನೆಯೇ ಉತ್ತಮ.

ಮತ್ತೊಂದು ಮಾತು. ನಿಮ್ಮ ಪತ್ರದಲ್ಲಿ ನಿಮ್ಮ ಅಭಿಪ್ರಾಯವಿದೆ, ಸಿಬ್ಬಂದಿಯ ಅಭಿಪ್ರಾಯವಿದೆ, ತಾಯಿಯವರದು ಎಲ್ಲೂ ಇಲ್ಲ. ಎಲ್ಲಿರಬೇಕೆಂದು ಅವರನ್ನೇ ಕೇಳಿ. ಒಮ್ಮೆ ಕೇಳಿದರೆ 'ನಿಮ್ಮಿಷ್ಟ' ಎನ್ನಬಹುದು, ಏಕೆಂದರೆ ಮಕ್ಕಳಿಗೆ ಹೊರೆಯಾಗಬಾರದೆಂದು ಅವರು ಆ ಪ್ರಶ್ನೆಯನ್ನು ತಮ್ಮೊಳಗೇ ಮುಗಿಸಿಕೊಂಡಿರಬಹುದು. ಔಷಧಿಗಳು ಸರಿಯಾಗಿ, ಕನ್ನಡಕ ಮೂಗಿನ ಮೇಲೇರಿ, ಚಿಕ್ಕಪುಟ್ಟ ತೀರ್ಮಾನಗಳು ಅಭ್ಯಾಸವಾದ ಮೇಲೆ ಮತ್ತೆ ಕೇಳಿ. ಆರರಿಂದ ಎಂಟು ವಾರ ಸಮಯ ಕೊಡಿ. ಅಷ್ಟರಲ್ಲೂ ಮಂಕು ಸರಿಯದಿದ್ದರೆ ವೃದ್ಧರ ಮನೋವೈದ್ಯರನ್ನು ಕಾಣಿರಿ. ಮರೆಗುಳಿ ಕಾಯಿಲೆಯ ಪರೀಕ್ಷೆಯೂ ಆಗಲೇ ಸೂಕ್ತ, ಡೆಲಿರಿಯಂ ಅಥವಾ ಖಿನ್ನತೆ ಇರುವಾಗ ಮಾಡಿದರೆ ತಪ್ಪು ಫಲಿತಾಂಶ ಬರುತ್ತದೆ. ಅಷ್ಟರೊಳಗೆ ಅವರು ನಿಮ್ಮ ಯಾವುದೋ ಸಲಹೆಯನ್ನು 'ಬೇಡ' ಎಂದು ತಳ್ಳಿಹಾಕಿದರೆ ಬೇಸರಪಡಬೇಡಿ, ಅಂದು ಚೇತರಿಕೆ ಆರಂಭವಾಗಿದೆ ಎಂದು ವೈದ್ಯರಿಗೆ ತಿಳಿಸಿ.